ಹಳೇ ಡೆಸ್ಕ್‌ಟಾಪನ್ನು ಟಿವಿಗೆ ಜೋಡಿಸಿದರೆ ಅಮ್ಮನಿಗೂ ಬಳಸಲು ಆಗುತ್ತಾ?

ಸಾಗರದ ಹಳೇ ಮನೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿದೆ, ಆದರೂ ಪೂರ್ತಿ ಓದಿ.

ಊರ ಮನೆಯಲ್ಲಿ 2014ರಲ್ಲಿ ಕೊಂಡ ಡೆಸ್ಕ್‌ಟಾಪ್ ಇದೆ. ನಾಲ್ಕನೇ ತಲೆಮಾರಿನ ಐ3, 8 ಜಿಬಿ ರ‍್ಯಾಮ್. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ ಬೆಂಬಲ ನಿಂತಿತು, 11 ಇದರಲ್ಲಿ ಕೂರುವುದಿಲ್ಲ. ಹೋದ ತಿಂಗಳು 43 ಇಂಚಿನ ಆಂಡ್ರಾಯ್ಡ್ ಟಿವಿ ತಂದೆವು. ಪಿಸಿ ಎಸೆಯುವ ಬದಲು ಟಿವಿ ಪಕ್ಕ ಇಟ್ಟು, ಮನೆಯ ಎಲ್ಲ ಮನರಂಜನೆಯೂ ಅಲ್ಲಿಂದಲೇ ಬರುವ ಹಾಗೆ ಮಾಡಬೇಕು ಅನ್ನೋದು ನನ್ನ ಆಸೆ.

ಮನೆಯಲ್ಲಿ ಏನೇನಿದೆ ಅಂದರೆ: ಅಪ್ಪ ರೆಕಾರ್ಡ್ ಮಾಡಿಟ್ಟ ಯಕ್ಷಗಾನದ ಕ್ಯಾಸೆಟ್ 60ರ ಹತ್ತಿರ. ಅಕ್ಕನ ಮದುವೆಯ (2006) ಮೂರು ವಿಸಿಡಿ. ಮೂರು ಹಾರ್ಡ್ ಡಿಸ್ಕ್ ತುಂಬ ಫೋಟೊ. ಅಪ್ಪ ಈಗ ಇಲ್ಲ. ಕ್ಯಾಸೆಟ್ ಕೇಳಲು ಮನೆಯಲ್ಲಿ ಸರಿಯಾದ ಟೇಪ್‌ರೆಕಾರ್ಡರೂ ಇಲ್ಲ.

ಅಮ್ಮ ಒಂದೇ ರಿಮೋಟ್ ಹಿಡಿಯುತ್ತಾರೆ. ಮೌಸ್ ಮುಟ್ಟುವುದಿಲ್ಲ. ಇದು ಆಗುವ ಕೆಲಸವಾ? ಅಥವಾ ಸುಮ್ನೆ ಸಿನಿಮಾ ಆಪ್ ಓಡಿಸುವ ಒಂದು ಸ್ಟಿಕ್ ತಂದು ಟಿವಿಗೆ ಚುಚ್ಚಲಾ?

ಬಿಟ್ಟು ಬೈಟು

ಸ್ಟಿಕ್ ತನ್ನಿ. ಆ ಪಿಸಿಯಿಂದ ಟಿವಿಗೆ ಚಿತ್ರ ಕಳಿಸುವ ಎಚ್‌ಡಿಎಂಐ ಹಳೇ 1.4. 4ಕೆ ಹಾಕಿದರೆ 30 ಹರ್ಟ್ಸ್ (ಸೆಕೆಂಡಿಗೆ 30 ಚಿತ್ರ) ದಾಟುವುದಿಲ್ಲ, ಮೌಸ್ ಎಳೆದರೂ ತೊದಲಿದ ಹಾಗೆ ಕಾಣುತ್ತದೆ. 10 ಬಿಟ್ ಎಚ್‌ಇವಿಸಿ ಅನ್ನೋ ಹೊಸ ಬಗೆಯ ವಿಡಿಯೊ ಫೈಲು ಬಂದರೆ ಪ್ರೊಸೆಸರ್ ಒದ್ದಾಡುತ್ತದೆ. ಅದಕ್ಕೆ ಇಂಟೆಲ್‌ನಲ್ಲಿ ಏಳನೇ ತಲೆಮಾರಾದರೂ ಬೇಕು.

ದಾವಣಗೆರೆ ಬೆಣ್ಣೆ

ಆಂಡ್ರಾಯ್ಡ್ ಟಿವಿ ಅಂತ ಅವರೇ ಬರೆದಿದ್ದಾರೆ. ಆಪ್ ಅದರಲ್ಲೇ ಓಡುತ್ತದೆ, ಸ್ಟಿಕ್ ಯಾಕೆ?

ಬಿಟ್ಟು ಬೈಟು

ಹೌದು, ಅದನ್ನು ಗಮನಿಸಲಿಲ್ಲ. ಹಾಗಾದರೆ ಸ್ಟಿಕ್ಕೂ ಬೇಡ, ಪಿಸಿಯೂ ಬೇಡ.

ಕುಂದಾಪ್ರ ಕಡಲು

ಮಾರಾಯ್ರೆ, 4ಕೆ ಕಥೆ ಬದಿಗಿಡಿ. 60 ಯಕ್ಷಗಾನ ಕ್ಯಾಸೆಟ್ ಅಂತ ಬರೆದಿದ್ದಾರೆ! ಯಾವ ಮೇಳ, ಯಾವ ಕಾಲದ್ದು? ಕಾಳಿಂಗ ನಾವಡರು 1990ರಲ್ಲೇ ತೀರಿಕೊಂಡರು. ಅವರ ಭಾಗವತಿಕೆ, ಅಂದರೆ ಯಕ್ಷಗಾನದ ಹಾಡುಗಾರಿಕೆ, ನಮಗೆ ಸಿಗುವುದೇ ಹೀಗೆ ಯಾರ್ಯಾರೋ ರಂಗಸ್ಥಳದ ಪಕ್ಕ ಕೂತು ತುಂಬಿಸಿಕೊಂಡ ಕ್ಯಾಸೆಟ್‌ಗಳಲ್ಲಿ. ನಿಮ್ಮಲ್ಲಿ ಇರುವುದು ಬೇರೆ ಯಾರ ಹತ್ತಿರವೂ ಇಲ್ಲದಿರಬಹುದು. ಮೊದಲು ಅದನ್ನು ಉಳಿಸಿ, ಸಿನಿಮಾ ಆಮೇಲೆ ನೋಡಿದರಾಯಿತು.

ಸಾಗರದ ಹಳೇ ಮನೆ

ಹೆಚ್ಚಿನವು 1985ರಿಂದ 95ರ ನಡುವಿನವು. ಬಡಗು ಶೈಲಿಯದೇ ಜಾಸ್ತಿ, ನಾಲ್ಕೈದು ತಾಳಮದ್ದಳೆ (ವೇಷವಿಲ್ಲದೆ ಕೂತು ನಡೆಸುವುದು). ಹೊರಗಿನ ಚೀಟಿ ಮೇಲೆ ಅಪ್ಪನ ಕೈಬರಹ ಇದೆ, ಅರ್ಧಕ್ಕರ್ಧ ಮಾಸಿದೆ. ಕೆಲವಕ್ಕೆ ಬೂಸ್ಟು ಹಿಡಿದಿದೆ.

ಬೆಸುಗೆ ಕಡ್ಡಿ

ಬೂಸ್ಟು ಹಿಡಿದ ಕ್ಯಾಸೆಟ್ಟನ್ನು ಹಾಗೆಯೇ ಟೇಪ್‌ರೆಕಾರ್ಡರ್‌ಗೆ ಹಾಕಬೇಡಿ! ಆ ಬಿಳಿ ಪುಡಿ ರೀಲನ್ನು ಓದುವ ಹೆಡ್‌ಗೆ ಅಂಟಿ ಮುಂದಿನ ಕ್ಯಾಸೆಟ್‌ಗೂ ಹತ್ತುತ್ತದೆ. ಅವನ್ನು ಬೇರೆ ಡಬ್ಬಿಗೆ ಹಾಕಿ, ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಮುಚ್ಚಿ. ನಿಮ್ಮ ಕಡೆ ಮಳೆ ಶುರುವಾದರೆ ಗಾಳಿಯೇ ಒದ್ದೆ ಅಲ್ವಾ. ಒಣಗಿದ ಮೇಲೆ ಪೆನ್ಸಿಲ್ ಹಾಕಿ ರೀಲನ್ನು ಕೈಯಲ್ಲೇ ನಿಧಾನವಾಗಿ ಸುತ್ತುತ್ತಾ, ಮೆತ್ತಗಿನ ಒಣ ಬಟ್ಟೆಯಲ್ಲಿ ಒರೆಸುತ್ತಾ ಹೋಗಿ. ಬೇಸರದ ಕೆಲಸ, ಆದರೆ ಬೇರೆ ದಾರಿ ಇಲ್ಲ. ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ.

ಒಳ್ಳೆಯ ಕ್ಯಾಸೆಟ್ ಡೆಕ್ ಒಂದು ಎರವಲು ತನ್ನಿ. ಹಳೆಯದಾದರೆ ಒಳಗಿನ ಬೆಲ್ಟ್ ಸಡಿಲವಾಗಿರುತ್ತದೆ, ಹಾಡು ಎಳೆದ ಹಾಗೆ ಕೇಳುತ್ತದೆ. ಬೆಲ್ಟ್ ಬದಲಿಸಿ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹೆಡ್ ಒರೆಸಿ.

ಪಿಸಿಯ ಹಿಂದೆ ನೀಲಿ ಬಣ್ಣದ ತೂತು ಇದೆಯಲ್ಲ, ಅದೇ ಲೈನ್ ಇನ್. ಡೆಕ್‌ನ ವೈರನ್ನು ಅದಕ್ಕೇ ಹಾಕಬೇಕು. ಗುಲಾಬಿ ಬಣ್ಣದ್ದು ಮೈಕ್, ಅದಕ್ಕೆ ಹಾಕಿದರೆ ಸ್ವರ ಒಡೆಯುತ್ತದೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಈ ನೀಲಿ ತೂತೇ ಇಲ್ಲ. ಹಾಗಾಗಿ ನಿಮ್ಮ ಹಳೇ ಡೆಸ್ಕ್‌ಟಾಪ್ ಎಸೆಯಬೇಡಿ, ಈ ಕೆಲಸಕ್ಕೆ ಅದೇ ಸರಿ.

ಬಿಟ್ಟು ಬೈಟು

ಇದನ್ನು ಒಪ್ಪುತ್ತೇನೆ. ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ಅಡಾಸಿಟಿ, ಉಚಿತ. 44.1 ಕಿಲೊಹರ್ಟ್ಸ್, 16 ಬಿಟ್ ಸಾಕು. ಎಂಪಿ3ಗೆ ಉಳಿಸಬೇಡಿ, ಸ್ವರ ನಷ್ಟವಾಗದ ಫ್ಲ್ಯಾಕ್‌ಗೆ ಉಳಿಸಿ. ಫ್ಲ್ಯಾಕ್ ನಿಮಿಷಕ್ಕೆ ಸುಮಾರು 5 ಎಂಬಿ. 90 ನಿಮಿಷದ 60 ಕ್ಯಾಸೆಟ್ ಅಂದರೆ 5,400 ನಿಮಿಷ, ಒಟ್ಟು 27 ಜಿಬಿ. ಒಂದು ಪೆನ್‌ಡ್ರೈವ್‌ನಲ್ಲಿ ಹಿಡಿಸುತ್ತದೆ.

ಕುಂದಾಪ್ರ ಕಡಲು

ಲೆವೆಲ್ ಬಗ್ಗೆ ಒಂದು ಮಾತು. ಭಾಗವತರ ಪದ ನಡೆಯುವಾಗ ಮೀಟರ್ ನೋಡಿ ಲೆವೆಲ್ ಇಟ್ಟರೆ ಕೆಟ್ಟಿರಿ. ಚಂಡೆ ಬಿದ್ದ ಕೂಡಲೇ ಕೆಂಪಿಗೆ ಹೊಡೆಯುತ್ತದೆ, ಆಮೇಲೆ ಅದನ್ನು ಸರಿ ಮಾಡಲು ಬರುವುದಿಲ್ಲ. ಒಡ್ಡೋಲಗದ (ವೇಷಗಳು ರಂಗಕ್ಕೆ ಬರುವ) ಭಾಗ ಹುಡುಕಿ, ಚಂಡೆ ಜೋರಾದಾಗಲೂ ಮೈನಸ್ 6 ಡಿಬಿ ದಾಟದ ಹಾಗೆ ಇಡಿ.

ಮತ್ತೆ, ಗೊರಗೊರ ಶಬ್ದ ತೆಗೆಯಲು ಹೋಗಬೇಡಿ. ನಾನು ಉತ್ಸಾಹದಲ್ಲಿ ನಾಯ್ಸ್ ರಿಡಕ್ಷನ್ ಹಾಕಿ ಮದ್ದಳೆಯ ನಾದವನ್ನೇ ಕೊಂದಿದ್ದೆ. ಮೂಲ ಪ್ರತಿ ಇಟ್ಟುಕೊಂಡಿರಲಿಲ್ಲ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹುಬ್ಬಳ್ಳಿ ಮಂದಿ

ಎಲ್ಲಾ ಸರಿ, ಕರೆಂಟ್ ಬಿಲ್ ಯಾರೂ ಲೆಕ್ಕ ಹಾಕಲಿಲ್ಲ. ನಮ್ಮ ಮನೆಯಲ್ಲಿ ಇದೇ ಕಾಲದ ಡೆಸ್ಕ್‌ಟಾಪ್‌ಗೆ ಪ್ಲಗ್ ಮೀಟರ್ ಹಾಕಿ ನೋಡಿದೆ. ಏನೂ ಮಾಡದೆ ಸುಮ್ನೆ ಕೂತಾಗ 45 ವ್ಯಾಟ್. ದಿನದ 24 ಗಂಟೆ ಓಡಿಸಿದರೆ ತಿಂಗಳಿಗೆ 32 ಯೂನಿಟ್ ಮೇಲಾಯಿತು.

ಗೃಹಜ್ಯೋತಿ ಇದ್ದವರಿಗೆ ಇದು ಸಣ್ಣ ಮಾತಲ್ಲ. ನಿಮ್ಮ ಹಳೇ ಸರಾಸರಿ, ಅದರ ಮೇಲೆ ಇನ್ನು ಸ್ವಲ್ಪ ಮಾತ್ರ ಉಚಿತ. ಮೇಲಿನದಕ್ಕೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ.

ದಾವಣಗೆರೆ ಬೆಣ್ಣೆ

24 ಗಂಟೆ ಯಾಕೆ ಓಡಿಸಬೇಕು ಸರ್? ಸಂಜೆ 5 ಗಂಟೆ ಹೊತ್ತು ಓಡಿಸಿದರೆ ತಿಂಗಳಿಗೆ 7 ಯೂನಿಟ್ ಒಳಗೇ ಆಯಿತು.

ಹುಬ್ಬಳ್ಳಿ ಮಂದಿ

ಅಮ್ಮ ಮಧ್ಯಾಹ್ನ ಊಟ ಆದಮೇಲೆ ಕೇಳಬೇಕು ಅಂದರೆ? ಎದ್ದು ಹೋಗಿ ಪಿಸಿ ಬಟನ್ ಒತ್ತಬೇಕಾ? ಎನ್100 ಪ್ರೊಸೆಸರ್‌ನ ಮಿನಿ ಪಿಸಿ ತೆಗೆದುಕೊಂಡರೆ ಸುಮ್ನೆ ಇರುವಾಗ 8 ವ್ಯಾಟ್ ಆಜೂಬಾಜು. ಅದನ್ನು ಇಡೀ ದಿನ ಓಡಿಸಿದರೂ 6 ಯೂನಿಟ್ ಆಗುವುದಿಲ್ಲ. ನಾನು ಹಾಗೇ ಮಾಡಿದೆ.

ಟ್ಯೂನರ್ ಕಾರ್ಡ್

ನಿಮ್ಮ ಮಾತು ಕೇಳಿ ನನ್ನ ಹಳೆಯ ದಿನ ನೆನಪಾಯಿತು. 2004ರಲ್ಲಿ ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಟಿವಿ ಕೊಳ್ಳಲು ದುಡ್ಡಿರಲಿಲ್ಲ. ಪಿಸಿಗೆ ಟಿವಿ ಟ್ಯೂನರ್ ಕಾರ್ಡ್ ಹಾಕಿಸಿ, ಕೇಬಲ್ ವೈರನ್ನು ನೇರ ಅದಕ್ಕೇ ಕೊಟ್ಟಿದ್ದೆ. 17 ಇಂಚಿನ ಡಬ್ಬಾ ಮಾನಿಟರ್. ಮೂವರು ರೂಮ್‌ಮೇಟ್‌ಗಳು ಚಾಪೆ ಹಾಕಿಕೊಂಡು ಕ್ರಿಕೆಟ್ ನೋಡುತ್ತಿದ್ದೆವು. ಬೇಕಾದ ಕಾರ್ಯಕ್ರಮ ರೆಕಾರ್ಡ್ ಕೂಡ ಮಾಡಬಹುದಿತ್ತು. 2013ರಲ್ಲಿ ಬೆಂಗಳೂರು, ಮೈಸೂರಲ್ಲಿ ಕೇಬಲ್ ಪೂರ್ತಿ ಡಿಜಿಟಲ್ ಆಯಿತು, ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಯಿತು. ಅವತ್ತಿಗೆ ಆ ಕಾರ್ಡ್ ಮೂಲೆ ಸೇರಿತು. ಈಗಲೂ ಇಟ್ಟುಕೊಂಡಿದ್ದೇನೆ.

ದಾವಣಗೆರೆ ಬೆಣ್ಣೆ

ನಮ್ಮಲ್ಲೂ ಇತ್ತು! ಜೊತೆಗೆ ಬಂದ ಪುಟ್ಟ ರಿಮೋಟ್ ಹಿಡಿದುಕೊಂಡು ಇಡೀ ಓಣಿಗೆ ತೋರಿಸಿದ್ದೆ.

ಊರು ಬಿಟ್ಟವನು

ಟೆಕ್ಸಾಸ್‌ನಿಂದ ಬರೆಯುತ್ತಿದ್ದೇನೆ. ಮೈಸೂರಿನ ಮನೆಯಲ್ಲಿ ಅಪ್ಪ ಅಮ್ಮನಿಗೆ ಇದೇ ವ್ಯವಸ್ಥೆ ಮಾಡಿ ಎರಡು ವರ್ಷ ಆಯಿತು. ನೀವು ಮಾಡುತ್ತಿರುವ ಒಂದೇ ತಪ್ಪು ಅಂದರೆ ಪಿಸಿಯನ್ನು ಟಿವಿ ಪಕ್ಕ ಇಡಬೇಕು ಅನ್ನೋ ಯೋಚನೆ. ಬೇಡ. ಪಿಸಿಯನ್ನು ಇಂಟರ್ನೆಟ್ ರೌಟರ್ ಇರುವ ಕೋಣೆಯಲ್ಲೇ ಇಡಿ, ಲ್ಯಾನ್ ವೈರ್ ಹಾಕಿ. ಅದರಲ್ಲಿ ಜೆಲ್ಲಿಫಿನ್ ಸರ್ವರ್ ಹಾಕಿ, ಪಿಸಿಯಲ್ಲಿರುವ ಹಾಡು, ವಿಡಿಯೊ, ಫೋಟೊವನ್ನು ಟಿವಿಗೆ ಕಳಿಸುವ ಸಾಫ್ಟ್‌ವೇರ್ ಅದು. ಟಿವಿಯಲ್ಲಿ ಜೆಲ್ಲಿಫಿನ್ ಆಪ್ ಹಾಕಿ. ಅಷ್ಟೇ.

ಆಗ ಅಮ್ಮ ಹಿಡಿಯುವುದು ಟಿವಿ ರಿಮೋಟ್ ಮಾತ್ರ. ಪಿಸಿ ಅನ್ನೋದು ಮನೆಯಲ್ಲಿ ಇದೆ ಅಂತಲೂ ಅವರಿಗೆ ಗೊತ್ತಿರಬೇಕಾಗಿಲ್ಲ. ಎಚ್‌ಡಿಎಂಐ 1.4, 30 ಹರ್ಟ್ಸ್ ಯಾವ ರಗಳೆಯೂ ಇಲ್ಲ. ಫೈಲನ್ನು ಬಿಡಿಸಿ ತೋರಿಸುವ ಕೆಲಸ ಟಿವಿಯದೇ.

ನಾನು ಇಲ್ಲಿಂದಲೇ, ದೂರದ ಪಿಸಿಗೆ ಸೇರಿಸುವ ಟೇಲ್‌ಸ್ಕೇಲ್ ಅನ್ನೋ ಸಾಫ್ಟ್‌ವೇರ್ ಮೂಲಕ ಅದನ್ನು ನೋಡಿಕೊಳ್ಳುತ್ತೇನೆ. ಊರಿನ ಇಂಟರ್ನೆಟ್ ಕಂಪನಿಗಳು ಸಾಮಾನ್ಯವಾಗಿ ಮನೆಗೆ ಪ್ರತ್ಯೇಕ ಪಬ್ಲಿಕ್ ಐಪಿ (ಹೊರಗಿನಿಂದ ತಲುಪುವ ವಿಳಾಸ) ಕೊಡುವುದಿಲ್ಲ, ಹಾಗಾಗಿ ಪೋರ್ಟ್ ತೆರೆದು ಒಳಗೆ ಹೋಗಲು ಆಗುವುದಿಲ್ಲ. ಟೇಲ್‌ಸ್ಕೇಲ್‌ಗೆ ಆ ತೊಂದರೆ ಇಲ್ಲ. ಮಗಳ ಭರತನಾಟ್ಯದ ವಿಡಿಯೊ ಇಲ್ಲಿ ರಾತ್ರಿ ಹಾಕಿದರೆ ಅಲ್ಲಿ ಅಜ್ಜಿ ಬೆಳಗ್ಗೆ ಕಾಫಿ ಕುಡಿಯುತ್ತಾ ನೋಡುತ್ತಾರೆ.

ಬಿಟ್ಟು ಬೈಟು

ಕೋಡಿ ಅನ್ನೋ ವಿಡಿಯೊ ಪ್ಲೇಯರ್ ಹಾಕಿದರೆ ಇನ್ನೂ ಚೆಂದ ಅಲ್ವಾ? ವಿಂಡೋಸ್ ಬದಲು ಅದಕ್ಕೆಂದೇ ಇರುವ ಲಿಬ್ರೆಎಲೆಕ್ ಹಾಕಿದರೆ ಪಿಸಿ ಆನ್ ಆದ ಕೂಡಲೇ ನೇರ ಕೋಡಿಯೇ ತೆರೆಯುತ್ತದೆ. 24 ಫ್ರೇಮ್‌ನ ಸಿನಿಮಾಗೆ ಟಿವಿಯ ರಿಫ್ರೆಶ್ ದರವನ್ನೂ ತಾನೇ ಬದಲಿಸಿಕೊಳ್ಳುತ್ತದೆ, ಕ್ಯಾಮೆರಾ ಪಕ್ಕಕ್ಕೆ ಸರಿಯುವಾಗ ಬರುವ ನಡುಕ ಹೋಗುತ್ತದೆ. 2014ರವರೆಗೆ ಕೋಡಿಗೆ ಎಕ್ಸ್‌ಬಿಎಂಸಿ ಅನ್ನೋ ಹೆಸರಿತ್ತಲ್ಲ, ಆಗಿನಿಂದ ಬಳಸುತ್ತಿದ್ದೇನೆ.

ಊರು ಬಿಟ್ಟವನು

ಕೋಡಿ ಚೆಂದವೇ. ಆದರೆ ಪಿಸಿಯ ಎಚ್‌ಡಿಎಂಐನಲ್ಲಿ ರಿಮೋಟ್‌ನ ಆದೇಶ ಸಾಗಿಸುವ ಸಿಇಸಿ ಸಾಮಾನ್ಯವಾಗಿ ಇರುವುದಿಲ್ಲ. ಟಿವಿ ರಿಮೋಟ್ ಒತ್ತಿದರೆ ಪಿಸಿಗೆ ಕೇಳಿಸುವುದಿಲ್ಲ. ಅದಕ್ಕೆ ಬೇರೆ ಅಡಾಪ್ಟರ್ ಬೇಕು, ಇಲ್ಲವೇ ಇನ್ನೊಂದು ರಿಮೋಟ್ ಬೇಕು. ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಆಗಿದ್ದರೆ ಸಿಇಸಿ ಇರುತ್ತಿತ್ತು. ಅವರು ಕೇಳಿದ್ದು ಒಂದೇ ರಿಮೋಟ್.

ಬಿಟ್ಟು ಬೈಟು

ಆ ಲೆಕ್ಕಕ್ಕೆ ನೀವು ಹೇಳಿದ್ದೇ ಸರಿ.

ಹೊಸ ಸಿನಿಮಾ ಹುಚ್ಚ

ಕೋಡಿಗೆ ಒಂದು ಆಡ್‌ಆನ್ ಬರುತ್ತದೆ, ಥಿಯೇಟರ್‌ನಲ್ಲಿ ಓಡುತ್ತಿರುವ ಸಿನಿಮಾನೂ ಬಿಟ್ಟಿಯಾಗಿ ಸಿಗುತ್ತದೆ. ಲಿಂಕ್ ಬೇಕಾ?

ಓದುವ ಅಕ್ಕ

ಬೇಡ. ಕನ್ನಡ ಸಿನಿಮಾಗೆ ಇರುವುದೇ ಸಣ್ಣ ಮಾರುಕಟ್ಟೆ. ಅದರಲ್ಲೂ ಹೀಗೆ ಕದ್ದು ನೋಡಿದರೆ ಮುಂದಿನ ಸಿನಿಮಾ ಮಾಡುವವರು ಯಾರು? ಅಂಥ ಆಡ್‌ಆನ್ ಒಳಗೆ ಏನಿರುತ್ತದೆ ಅಂತಲೂ ಗೊತ್ತಿಲ್ಲ. ಮನೆಯ ಫೋಟೊ ಎಲ್ಲ ಇರುವ ಪಿಸಿಗೆ ಅದನ್ನು ತುಂಬುತ್ತೀರಾ?

ಕುಂದಾಪ್ರ ಕಡಲು

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ.

ಸಾಗರದ ಹಳೇ ಮನೆ

ಪಿಸಿ ಒಳಕೋಣೆಯಲ್ಲಿ, ಆಪ್ ಟಿವಿಯಲ್ಲಿ. ಇದು ನನಗೆ ಹೊಳೆದೇ ಇರಲಿಲ್ಲ. ಹಾಗಾದರೆ ದುಡ್ಡು ಕೊಟ್ಟು ನೋಡುವ ಓಟಿಟಿಗಳನ್ನೂ ಪಿಸಿಯಿಂದಲೇ ಕೊಡಬಹುದಾ?

ಬಿಟ್ಟು ಬೈಟು

ಬೇಡ, ಅದು ಟಿವಿಯ ಆಪ್‌ನಲ್ಲೇ ಇರಲಿ. ಪಿಸಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿದರೆ ಬ್ರೌಸರ್‌ಗೆ ವೈಡ್‌ವೈನ್ ಅನ್ನೋ ನಕಲು ತಡೆ ವ್ಯವಸ್ಥೆಯ ಕೆಳಗಿನ ಎಲ್3 ಮಟ್ಟ ಮಾತ್ರ ಸಿಗುತ್ತದೆ. ಅದನ್ನು ನೋಡಿ ಓಟಿಟಿಗಳು ಚಿತ್ರದ ಗುಣಮಟ್ಟ ಇಳಿಸುತ್ತವೆ. ನೀವು 4ಕೆಗೆ ದುಡ್ಡು ಕೊಟ್ಟಿದ್ದರೂ ಅಷ್ಟೇ. ಟಿವಿಗಳಲ್ಲಿ ಸಾಮಾನ್ಯವಾಗಿ ಮೇಲಿನ ಎಲ್1 ಮಟ್ಟ ಇರುತ್ತದೆ.

ಹೊರಗಿನ ಸಿನಿಮಾ ಟಿವಿ ಆಪ್‌ನಲ್ಲಿ, ಮನೆಯ ವಸ್ತು ಪಿಸಿಯಲ್ಲಿ. ಎರಡನ್ನೂ ಬೆರೆಸಬೇಡಿ.

ಓದುವ ಅಕ್ಕ

ಹೆಸರಿಡುವ ಬಗ್ಗೆ ಹೇಳುತ್ತೇನೆ, ಇದು ನಾನು ಪೆಟ್ಟು ತಿಂದು ಕಲಿತದ್ದು. ಕನ್ನಡದಲ್ಲೇ ಹೆಸರಿಡಿ, ಏನೂ ತೊಂದರೆ ಇಲ್ಲ. ಆದರೆ ಯೂನಿಕೋಡ್‌ನಲ್ಲಿ ಇಡಿ. ನಾನು 2008ರ ಸುಮಾರಿಗೆ ಶಾಲಾ ನಾಟಕದ ವಿಡಿಯೊಗಳಿಗೆ ಮಾತಿನ ಸಾಲುಗಳನ್ನೆಲ್ಲ ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿಟ್ಟಿದ್ದೆ. ಈಗ ತೆರೆದರೆ ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಪರಿವರ್ತಕ ಹಾಕಿ ಯೂನಿಕೋಡ್‌ಗೆ ತಂದು, ಒತ್ತಕ್ಷರ ತಪ್ಪಿದ್ದನ್ನು ಕೈಯಲ್ಲೇ ತಿದ್ದಿದೆ. ಒಂದು ಬೇಸಿಗೆ ರಜೆ ಪೂರ್ತಿ ಹೋಯಿತು.

ಸಬ್‌ಟೈಟಲ್ ಚೌಕ ಚೌಕವಾಗಿ ಕಂಡರೆ ಫೈಲು ಕೆಟ್ಟಿದೆ ಅಂತ ಅಂದುಕೊಳ್ಳಬೇಡಿ. ಫಾಂಟ್ ಇಲ್ಲ ಅಂತ ಅರ್ಥ. ನೋಟೊ ಸಾನ್ಸ್ ಕನ್ನಡ ಹಾಕಿದರೆ ಸರಿ ಹೋಗುತ್ತದೆ.

ಹೆಸರಿನ ಮೊದಲಿಗೆ ವರ್ಷ, ತಿಂಗಳು, ದಿನ ಇದೇ ಕ್ರಮದಲ್ಲಿ ಬರಲಿ. 1989-02-14 ಅನ್ನೋ ಹಾಗೆ. ಆಗ ಪಟ್ಟಿ ತಾನಾಗೇ ಕಾಲದ ಪ್ರಕಾರ ಜೋಡಿಸಿಕೊಳ್ಳುತ್ತದೆ.

ಊರು ಬಿಟ್ಟವನು

ಅಕ್ಕನ ಮಾತಿಗೆ ಇನ್ನೊಂದು ಸೇರಿಸಿ. ಜೆಲ್ಲಿಫಿನ್‌ನಲ್ಲಿ ಮದುವೆ ವಿಡಿಯೊ ಇರುವ ಫೋಲ್ಡರ್‌ಗೆ ‘ಮೂವೀಸ್’ ಅಂತ ಕೊಡಬೇಡಿ, ‘ಹೋಮ್ ವಿಡಿಯೋಸ್’ ಅಂತ ಕೊಡಿ. ನಾನು ಗೊತ್ತಿಲ್ಲದೆ ಮೂವೀಸ್ ಕೊಟ್ಟಿದ್ದೆ. ಅದು ಹೆಸರು ಹುಡುಕಿಕೊಂಡು ಹೋಗಿ ತಮ್ಮನ ಉಪನಯನಕ್ಕೆ ಯಾವುದೋ ಇಂಗ್ಲಿಷ್ ಸಿನಿಮಾದ ಪೋಸ್ಟರ್ ಅಂಟಿಸಿತ್ತು. ಅಪ್ಪ ಫೋನ್ ಮಾಡಿ ಉಪನಯನ ಎಲ್ಲಿ ಹೋಯಿತು ಅಂತ ಕೇಳಿದರು.

ದಾವಣಗೆರೆ ಬೆಣ್ಣೆ

ವಿಸಿಡಿ ಸುಲಭ. ಒಳಗೆ ಎಂಪಿಇಜಿಎವಿ ಅನ್ನೋ ಫೋಲ್ಡರ್ ಇರುತ್ತದೆ, ಅದರಲ್ಲಿನ .ಡಿಎಟಿ ಫೈಲು ಕಾಪಿ ಮಾಡಿ ಹೆಸರಿನ ಕೊನೆಗೆ .ಎಂಪಿಜಿ ಅಂತ ಬದಲಿಸಿ. ಆಯಿತು.

ಬೆಸುಗೆ ಕಡ್ಡಿ

ಪೂರ್ತಿ ಸರಿ ಅಲ್ಲ. ಆ ಡಿಎಟಿ ಒಳಗೆ ವಿಡಿಯೊ ಸುತ್ತ ಇನ್ನೊಂದು ಹೊದಿಕೆ ಇರುತ್ತದೆ. ವಿಎಲ್‌ಸಿ ಅದನ್ನು ದಾಟಿ ಓದುತ್ತದೆ, ಟಿವಿಗಳು ಕೆಲವು ಓದುವುದೇ ಇಲ್ಲ. ಹೆಸರು ಬದಲಿಸಿ ಬಿಡುವುದಕ್ಕಿಂತ ಲಿನಕ್ಸ್‌ನಲ್ಲಿ ವಿಸಿಡಿಎಕ್ಸ್‌ರಿಪ್ ಅನ್ನೋ ಕಮಾಂಡ್ ಹಾಕಿ ಒಳಗಿನ ವಿಡಿಯೊ ಮಾತ್ರ ತೆಗೆಯಿರಿ.

ಇನ್ನೊಂದು ಮುಖ್ಯ ವಿಷಯ. ಸಾಮಾನ್ಯ ಡೇಟಾ ಸಿಡಿಯಲ್ಲಿ ಗೀರು ಬಿದ್ದರೆ ಸರಿಪಡಿಸಿಕೊಳ್ಳಲು ಹೆಚ್ಚುವರಿ ಮಾಹಿತಿ ಇರುತ್ತದೆ. ವಿಸಿಡಿಯಲ್ಲಿ ಜಾಸ್ತಿ ವಿಡಿಯೊ ಹಿಡಿಸಲು ಆ ಜಾಗವನ್ನೂ ವಿಡಿಯೊಗೇ ಬಳಸಿದ್ದಾರೆ. ಅದಕ್ಕೇ ಸಣ್ಣ ಗೀರಿಗೂ ಚಿತ್ರ ಚೂರು ಚೂರಾಗುತ್ತದೆ. ಒಂದು ಡ್ರೈವ್ ಓದದಿದ್ದರೆ ಇನ್ನೊಂದರಲ್ಲಿ ಹಾಕಿ ನೋಡಿ. ನಾನು ಮೂರು ಡ್ರೈವ್ ಇಟ್ಟುಕೊಂಡಿದ್ದೇನೆ, ಯಾವುದಾದರೂ ಒಂದು ಓದುತ್ತದೆ.

ಚಿತ್ರದ ಅಳತೆ 352 ಗುಣಿಸು 288 ಅಷ್ಟೇ. 43 ಇಂಚಿನಲ್ಲಿ ಮಸುಕಾಗಿ ಕಾಣುತ್ತದೆ, ಮೊದಲೇ ನಿಮ್ಮ ಅಕ್ಕನಿಗೆ ಹೇಳಿಬಿಡಿ.

ಟ್ಯೂನರ್ ಕಾರ್ಡ್

ಮದುವೆ ವಿಡಿಯೊ ತೆಗೆದವರ ಹತ್ತಿರ ಮೂಲ ಡಿವಿ ಕ್ಯಾಸೆಟ್ ಇದೆಯಾ ಕೇಳಿ. ನನ್ನ ತಂಗಿಯ ಮದುವೆಯದು ಹಾಗೇ ಸಿಕ್ಕಿತು, ವಿಸಿಡಿಗಿಂತ ಎಷ್ಟೋ ಸ್ಪಷ್ಟವಾಗಿತ್ತು.

ಹುಬ್ಬಳ್ಳಿ ಮಂದಿ

ಮಲೆನಾಡಿನವರಿಗೆ ಎಚ್ಚರಿಕೆ. ಸಿಡಿಲು ಬಂದಾಗ ಪ್ಲಗ್ ಕಿತ್ತರೆ ಸಾಲದು, ಲ್ಯಾನ್ ವೈರ್ ಕೂಡ ಕೀಳಿ. ನಮ್ಮ ಮಾವನ ಮನೆಯಲ್ಲಿ ಮೇನ್ ಸ್ವಿಚ್ ಆಫ್ ಇತ್ತು, ಆದರೂ ಲ್ಯಾನ್ ವೈರ್‌ನಲ್ಲಿ ಬಂದು ಬೋರ್ಡ್ ಸುಟ್ಟಿತು. ಪಿಸಿ ಡಬ್ಬಿ ಮುಟ್ಟಿದಾಗ ಜುಮ್ ಅಂದರೆ ಅರ್ತಿಂಗ್ ಸರಿ ಇಲ್ಲ ಅಂತ ಲೆಕ್ಕ, ಎಲೆಕ್ಟ್ರಿಷಿಯನ್ ಕರೆಸಿ. ಸ್ಪೀಕರ್‌ನಲ್ಲಿ ಗುಂಯ್ ಅನ್ನುತ್ತದೆ ಅಂತ ಮೂರನೇ ಪಿನ್ ಮುರಿಯುವವರನ್ನು ನೋಡಿದ್ದೇನೆ. ಜೀವಕ್ಕೆ ಅಪಾಯ, ಹಾಗೆ ಮಾಡಲೇಬೇಡಿ.

ಓದುವ ಅಕ್ಕ

ಫೋಟೊ ಇರುವ ಮೂರು ಹಾರ್ಡ್ ಡಿಸ್ಕ್ ಅಂದಿರಿ. ಮೂರರಲ್ಲೂ ಒಂದೇ ಫೋಟೊ ಇದೆಯಾ, ಬೇರೆ ಬೇರೆಯಾ?

ಸಾಗರದ ಹಳೇ ಮನೆ

ಬೇರೆ ಬೇರೆ ಅಕ್ಕ.

ಓದುವ ಅಕ್ಕ

ಅಯ್ಯೋ! ಇವತ್ತೇ ಇನ್ನೊಂದು ಡಿಸ್ಕ್ ತಂದು ಕಾಪಿ ಮಾಡಿ. ಆ ಡಿಸ್ಕನ್ನು ನಿಮ್ಮ ಅಕ್ಕನ ಮನೆಯಲ್ಲಿ ಇಡಿ. ಕಳ್ಳತನವಾಗಲಿ, ಮಳೆ ನೀರು ನುಗ್ಗಲಿ, ಎರಡು ಮನೆಗೂ ಒಂದೇ ದಿನ ಆಗುವುದಿಲ್ಲ. ಜೆಲ್ಲಿಫಿನ್, ಕೋಡಿ ಎಲ್ಲ ಆಮೇಲೆ.

ಕುಂದಾಪ್ರ ಕಡಲು

ಹಳೇ ಆಟದ ರುಚಿಯೇ ಬೇರೆ ಅನ್ನಿ. ಈಗ ಇಡೀ ರಾತ್ರಿಯ ಬದಲು ಕಾಲಮಿತಿ ಆಟ ಬಂದು ಮೂರು ಗಂಟೆಯೊಳಗೆ ಮುಗಿಸುತ್ತಾರೆ. ಒಂದು ಪದವನ್ನು ನಿಧಾನಕ್ಕೆ ಎತ್ತಿ ಕೂರಲು ಸಮಯವೇ ಇಲ್ಲ.

ಟ್ಯೂನರ್ ಕಾರ್ಡ್

ಕಾಲಮಿತಿ ಇಲ್ಲದಿದ್ದರೆ ನನ್ನ ಮಕ್ಕಳು ಯಕ್ಷಗಾನವನ್ನೇ ನೋಡುತ್ತಿರಲಿಲ್ಲ. ಬೆಳಗ್ಗೆ ಶಾಲೆ ಇಟ್ಟುಕೊಂಡು ಇಡೀ ರಾತ್ರಿ ಕೂರಿಸಲು ಆಗುತ್ತಾ? ನನಗೆ ಕಾಲಮಿತಿಯಿಂದ ಲಾಭವೇ ಆಗಿದೆ.

ಕುಂದಾಪ್ರ ಕಡಲು

ಮಕ್ಕಳ ವಿಷಯದಲ್ಲಿ ಒಪ್ಪಿದೆ. ಬೆಳಗಿನ ಜಾವದ ಆಟ ನೋಡಿದವರಿಗೆ ಮಾತ್ರ ನನ್ನ ಸಂಕಟ ಅರ್ಥವಾಗುತ್ತದೆ.

ಸಾಗರದ ಹಳೇ ಮನೆ

ಮೂರು ವಾರ ಆಯಿತು. ಏನಾಯಿತು ಅಂತ ಹೇಳಲು ಬಂದೆ.

ಪಿಸಿಗೆ ಲಿನಕ್ಸ್ ಮಿಂಟ್ ಹಾಕಿದೆ. ಒಳಕೋಣೆಯಲ್ಲಿ ರೌಟರ್ ಪಕ್ಕ ಕೂತಿದೆ. ಬಯೋಸ್‌ನಲ್ಲಿ (ಪಿಸಿಯ ಮೂಲ ಸೆಟ್ಟಿಂಗ್) ಗಂಟೆ ನಿಗದಿ ಮಾಡಿಟ್ಟೆ, ಮಧ್ಯಾಹ್ನ 1ಕ್ಕೆ ತಾನೇ ಆನ್ ಆಗುತ್ತದೆ. ರಾತ್ರಿ 9ಕ್ಕೆ ಲಿನಕ್ಸ್ ತಾನೇ ಆಫ್ ಮಾಡುತ್ತದೆ. 45 ವ್ಯಾಟ್ ಅಂತಲೇ ಹಿಡಿದರೂ ತಿಂಗಳಿಗೆ 11 ಯೂನಿಟ್ ಬರುತ್ತದೆ, ಅಷ್ಟು ಪರವಾಗಿಲ್ಲ. ಫೋಟೊಗಳ ಪ್ರತಿ ಅಕ್ಕನ ಮನೆ ಸೇರಿತು. ಮದುವೆಯ ಮೂರನೇ ವಿಸಿಡಿ ನಮ್ಮ ಡ್ರೈವ್‌ನಲ್ಲಿ ಓದಲಿಲ್ಲ, ಪಕ್ಕದ ಮನೆಯವರ ಹಳೇ ಡ್ರೈವ್‌ನಲ್ಲಿ ಓದಿತು.

ಕ್ಯಾಸೆಟ್ 22 ಮುಗಿದವು. ಒಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಅಪ್ಪ ಪ್ರತಿ ಕ್ಯಾಸೆಟ್‌ನ ಶುರುವಿಗೆ ತಾವೇ ಮಾತಾಡಿ ಮೇಳದ ಹೆಸರು, ಊರು, ತಾರೀಕು, ಪ್ರಸಂಗ ಹೇಳಿದ್ದಾರೆ. ಚೀಟಿ ಮಾಸಿದ್ದರೂ ತೊಂದರೆ ಆಗಲಿಲ್ಲ, ಅದನ್ನೇ ಕೇಳಿ ಫೈಲಿಗೆ ಹೆಸರಿಡುತ್ತಿದ್ದೇನೆ. ಒಂದರಲ್ಲಿ ಹಿಂದಿನಿಂದ ಯಾರೋ ಚಳಿ ಆಗುತ್ತದೆ, ಕಂಬಳಿ ಹೊದ್ದುಕೊಳ್ಳಿ ಅನ್ನುವುದು ಕೇಳಿಸುತ್ತದೆ. ಅಮ್ಮ ಅದು ನಾನೇ ಅಂದರು. ಈಗ ದಿನಾ ಊಟ ಆದಮೇಲೆ ಅವರೇ ರಿಮೋಟ್ ಹಿಡಿದು ಹಾಕಿಕೊಳ್ಳುತ್ತಾರೆ.

ಬೆಸುಗೆ ಕಡ್ಡಿ ಸರ್, ಒಂದು ತೊಂದರೆ. 23ನೇ ಕ್ಯಾಸೆಟ್ ತುಂಬ ಮಂದವಾಗಿ, ದೂರದಿಂದ ಬಂದ ಹಾಗೆ ಕೇಳುತ್ತದೆ. ಹೆಡ್ ಒರೆಸಿದೆ. ಬೇರೆ ಕ್ಯಾಸೆಟ್ ಚೆನ್ನಾಗಿ ಬರುತ್ತದೆ.

ಬೆಸುಗೆ ಕಡ್ಡಿ

ಕ್ಯಾಸೆಟ್‌ನ ಬಾಯಿಯಲ್ಲಿ ನಡುವೆ ಒಂದು ಸಣ್ಣ ಸ್ಪಂಜಿನ ಚೂರು ಇರಬೇಕು, ರೀಲನ್ನು ಹೆಡ್‌ಗೆ ಒತ್ತಿ ಹಿಡಿಯುವುದು ಅದೇ. ಇದೆಯಾ ನೋಡಿ.

ಸಾಗರದ ಹಳೇ ಮನೆ

ಇಲ್ಲ! ಬರೀ ತಗಡು ಕಾಣುತ್ತಿದೆ.

ಬೆಸುಗೆ ಕಡ್ಡಿ

ಹಾಗಾದರೆ ರೀಲಿಗೆ ಏನೂ ಆಗಿಲ್ಲ, ಹೆದರಬೇಡಿ. ಸ್ಕ್ರೂ ಇರುವ ಬೇಡದ ಕ್ಯಾಸೆಟ್ ಒಂದನ್ನು ಬಿಚ್ಚಿ, ಅದರ ರೀಲು ತೆಗೆದು ನಿಮ್ಮ ರೀಲನ್ನು ಅದರೊಳಗೆ ಕೂರಿಸಿ. ಬಿಚ್ಚುವ ಮೊದಲು ಎರಡೂ ಕ್ಯಾಸೆಟ್‌ಗಳ ಫೋಟೊ ತೆಗೆದುಕೊಳ್ಳಿ, ರೀಲು ಯಾವ ಚಕ್ರದ ಹೊರಗಿಂದ ಹೋಗುತ್ತದೆ ಅಂತ ಮರೆತುಹೋಗುತ್ತದೆ. ನಿಮ್ಮದಕ್ಕೆ ಸ್ಕ್ರೂ ಇಲ್ಲದೆ ಅಂಟಿಸಿದ್ದರೆ ಅಂಚಿಗೆ ತೆಳು ಬ್ಲೇಡ್ ಹಾಕಿ ನಿಧಾನಕ್ಕೆ ಎಬ್ಬಿಸಿ. ಫ್ಯಾನ್ ಆಫ್ ಮಾಡಿ ಕೂತುಕೊಳ್ಳಿ. ಆಗದಿದ್ದರೆ ಇಲ್ಲೇ ಫೋಟೊ ಹಾಕಿ, ನೋಡಿ ಹೇಳುತ್ತೇನೆ.

ಕುಂದಾಪ್ರ ಕಡಲು

23ನೆಯದು ಯಾವ ಪ್ರಸಂಗ ಅಂತ ಗೊತ್ತಾದ ಕೂಡಲೇ ಬರೆಯಿರಿ ಮಾರಾಯ್ರೆ.